ಕರ್ನಾಟಕದಲ್ಲಿ ಆನುವಂಶಿಕ ಚಯಾಪಚಯ ರೋಗಗಳ ಸಂಶೋಧನೆ

ಆನುವಂಶಿಕ ಚಯಾಪಚಯ ರೋಗಗಳು ವಂಶವಾಹಿಗಳ ದೋಷದಿಂದ ಹುಟ್ಟಿನಿಂದಲೇ ಬರುವ ಕಾಯಿಲೆಗಳಾಗಿವೆ. ಕರ್ನಾಟಕದಲ್ಲಿ ಇವುಗಳ ವ್ಯವಸ್ಥಿತ ಅಧ್ಯಯನವನ್ನು 1980ರ ದಶಕದಲ್ಲಿ ಕೈಗೊಂಡವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಪ್ರಮುಖರು.

ರೋಗದ ಸ್ವರೂಪ

ಸೇವಿಸಿದ ಆಹಾರವನ್ನು ದೇಹವು ಹಂತಹಂತವಾಗಿ ಪರಿವರ್ತಿಸುತ್ತದೆ. ಪ್ರತಿಯೊಂದು ಹಂತವನ್ನೂ ಒಂದೊಂದು ಕಿಣ್ವವು ನಡೆಸುತ್ತದೆ. ಒಂದು ಕಿಣ್ವ ಕೆಲಸ ಮಾಡದಿದ್ದರೆ ಅದರ ಹಿಂದಿನ ಹಂತದ ವಸ್ತುವು ರಕ್ತದಲ್ಲಿ ಶೇಖರಗೊಳ್ಳುತ್ತದೆ. ಫೀನೈಲ್‌ಕೀಟೋನೂರಿಯಾದಲ್ಲಿ ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲವು ಹೀಗೆ ಹೆಚ್ಚಾಗಿ ಶಿಶುವಿನ ಮಿದುಳಿಗೆ ಹಾನಿಯಾಗುತ್ತದೆ. ಹುಟ್ಟಿದ ಮೊದಲ ವಾರಗಳಲ್ಲೇ ಪತ್ತೆಹಚ್ಚಿ ಆಹಾರದಲ್ಲಿ ಆ ಅಮೈನೋ ಆಮ್ಲವನ್ನು ಮಿತಿಗೊಳಿಸಿದರೆ ಈ ಹಾನಿಯನ್ನು ತಡೆಯಬಹುದು. ಆದರೆ ಆದ ಹಾನಿಯನ್ನು ಸರಿಪಡಿಸುವುದು ಅಸಾಧ್ಯ. ಆದ್ದರಿಂದ ಈ ಕಾಯಿಲೆಗಳಲ್ಲಿ ಪತ್ತೆಯ ಸಮಯವೇ ನಿರ್ಣಾಯಕವಾಗಿದೆ.

ಇಂತಹ ಕಾಯಿಲೆಗಳ ಪರಿಕಲ್ಪನೆಯನ್ನು ಮೊದಲು ಮಂಡಿಸಿದವನು ಆಂಗ್ಲ ವೈದ್ಯ ಆರ್ಚಿಬಾಲ್ಡ್ ಗ್ಯಾರೋಡ್. ಅಲ್ಕ್ಯಾಪ್ಟೊನೂರಿಯಾ ಕುರಿತ ತನ್ನ 1902ರ ಲೇಖನದಲ್ಲಿ, ರೋಗಿಗಳ ತಂದೆತಾಯಿಯರು ಹಲವೊಮ್ಮೆ ರಕ್ತಸಂಬಂಧಿಗಳಾಗಿರುವುದನ್ನು ಅವನು ಗುರುತಿಸಿದ್ದನು.

ಸಂಶೋಧನೆ

ಅಪ್ಪಾಜಿ ರಾವ್ ಅವರು ಸೀರಿನ್ ಹೈಡ್ರಾಕ್ಸಿಮೀಥೈಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವದ ಅಧ್ಯಯನಕ್ಕೂ ಹೆಸರಾದವರು. ಎ. ರಾಧಾ ರಮಾದೇವಿ ಹಾಗೂ ಲಂಡನ್ನಿನ ಅಲನ್ ಬಿಟಲ್ಸ್ ಅವರೊಡನೆ 1982ರಲ್ಲಿ ಕರ್ನಾಟಕದ ರಕ್ತಸಂಬಂಧಿ ವಿವಾಹಗಳ ಕುರಿತ ವರದಿಯನ್ನು ಪ್ರಕಟಿಸಿದರು. 1987ರಲ್ಲಿ ಇಂತಹ ವಿವಾಹಗಳಿಗೂ ಮಕ್ಕಳ ಆನುವಂಶಿಕ ಕಾಯಿಲೆಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸಿದ ಲೇಖನ ಹೊರಬಂದಿತು. 1988ರ ಪ್ರಬಂಧವು ರಾಜ್ಯದ 1 ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತದಲ್ಲಿನ ಅಮೈನೋ ಆಮ್ಲಗಳ ತಪಾಸಣೆಯನ್ನು ವಿವರಿಸಿತು. ಎಚ್.ಎಸ್. ಸಾವಿತ್ರಿ ಅವರೂ ಅದರ ಸಹಲೇಖಕರಾಗಿದ್ದರು.

ರಕ್ತಸಂಬಂಧಿ ವಿವಾಹದ ಪಾತ್ರ

ಈ ಕಾಯಿಲೆಗಳಲ್ಲಿ ಹೆಚ್ಚಿನವು ದೋಷವಿರುವ ವಂಶವಾಹಿಯು ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಒಬ್ಬರಿಂದ ಮಾತ್ರ ಬಂದರೆ ಮಗು ಆರೋಗ್ಯವಂತ ವಾಹಕವಾಗಿರುತ್ತದೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಸಂಬಂಧಿಗಳು ಒಂದೇ ಪೂರ್ವಜರಿಂದ ಒಂದೇ ದೋಷವನ್ನು ಪಡೆದಿರುವ ಸಂಭವ ಹೆಚ್ಚು.

ಉದಾಹರಣೆಗೆ, ಸಮುದಾಯದಲ್ಲಿ ಸುಮಾರು 50 ಜನರಿಗೆ ಒಬ್ಬರು ವಾಹಕರಾಗಿರುವ ಕಾಯಿಲೆಯೊಂದನ್ನು ಪರಿಗಣಿಸಬಹುದು. ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿ ಅದು 10,000ಕ್ಕೆ ಒಬ್ಬರಿಗೆ ಬರುತ್ತದೆ. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ಮದುವೆಯಾದಾಗ ಸುಮಾರು 1,400ಕ್ಕೆ ಒಬ್ಬರಿಗೆ, ಅಕ್ಕನ ಮಗಳನ್ನು ಮದುವೆಯಾದಾಗ ಸುಮಾರು 750ಕ್ಕೆ ಒಬ್ಬರಿಗೆ ಬರುತ್ತದೆ. ಅಪಾಯವು ಹಲವು ಪಟ್ಟು ಹೆಚ್ಚಿದರೂ, ಈ ಒಂದು ಕಾಯಿಲೆಯ ಮಟ್ಟಿಗೆ ಬಹುತೇಕ ಮಕ್ಕಳು ಆರೋಗ್ಯವಂತರಾಗಿಯೇ ಇರುತ್ತಾರೆ. ಹಾಗೆಯೇ ಸಂಬಂಧದ ಹೊರಗೆ ಮದುವೆಯಾದವರಿಗೂ ಪೂರ್ಣ ರಕ್ಷಣೆಯಿಲ್ಲ.

ಕೊಪ್ಪಳ ಜಿಲ್ಲೆಯಲ್ಲಿ ಪ್ರಸ್ತುತತೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯಲ್ಲೂ, ಉತ್ತರ ಕರ್ನಾಟಕದ ಇತರೆಡೆಗಳಂತೆ, ಒಳಸಂಬಂಧದ ಮದುವೆ ಹಿಂದಿನಿಂದ ಬಂದ ರೂಢಿಯಾಗಿದೆ. ಹೊಲಮನೆ ಕುಟುಂಬದಲ್ಲೇ ಉಳಿಯುವುದು, ಹೆಣ್ಣುಮಗಳು ಪರಿಚಿತರ ಮನೆ ಸೇರುವುದು ಇದರ ಹಿಂದಿನ ಆಶಯಗಳು. ಒಂದೇ ಮನೆಯಲ್ಲಿ ಹಸುಗೂಸುಗಳು ಮೇಲಿಂದ ಮೇಲೆ ತೀರಿಕೊಂಡರೆ ಅಥವಾ ಬುದ್ಧಿಮಾಂದ್ಯತೆ ಮರುಕಳಿಸಿದರೆ ಅದನ್ನು ದೈವಶಾಪವೆಂದೋ ಸೊಸೆಯ ಕಾಲ್ಗುಣವೆಂದೋ ಹೇಳುವುದುಂಟು. ರೋಗಕ್ಕೆ ತಂದೆತಾಯಿಯರಿಬ್ಬರ ವಂಶವಾಹಿಯೂ ಬೇಕೆಂಬ ತಿಳಿವಳಿಕೆಯು ಈ ಆರೋಪವನ್ನು ನಿರಾಧಾರಗೊಳಿಸುತ್ತದೆ.

ಇಂತಹ ಕುಟುಂಬಗಳು ಮುಂದಿನ ಹೆರಿಗೆಗೆ ಮೊದಲೇ ಆನುವಂಶಿಕ ಸಲಹೆ ಪಡೆಯುವುದು ಉಚಿತ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾಗಾಂಧಿ ಆಸ್ಪತ್ರೆಯೊಂದಿಗೆ ಉತ್ಕೃಷ್ಟತಾ ಕೇಂದ್ರವಾಗಿ ಗುರುತಿಸಲ್ಪಟ್ಟಿದೆ.