ದಿನಕ್ಕೆ ಹತ್ತು ರೂಪಾಯಿಯ ಬೆಳಕು

ಶಿಕಾರಿಪುರದ ಅಡಿಕೆ ತೋಟದ ಮನೆಯಲ್ಲಾಗಲಿ, ಸೊರಬದ ಗುಡಿಗಾರರು ಶ್ರೀಗಂಧ ಕೆತ್ತುವ ಪಡಸಾಲೆಯಲ್ಲಾಗಲಿ, ಮಳೆಗಾಲದ ಸಂಜೆ ವಿದ್ಯುತ್ತು ಹೋದೊಡನೆ ಕೈಗೆಲಸ ನಿಂತುಹೋಗುವುದನ್ನು ಬಲ್ಲ ನಾವು, ತಂತ್ರಜ್ಞಾನದ ಉದ್ಯಮಿಯನ್ನು ಯಶಸ್ಸಿಗೆ ಒಯ್ಯುವ ಗುಣವಾವುದೆಂಬುದನ್ನು ಸೌರದೀಪಗಳ ಉದ್ಯಮಿ ಹರೀಶ್ ಹಂದೆಯವರ ಕಾರ್ಯದಲ್ಲಿ ಅರಸುವುದು ಉಚಿತವೆಂದು ತೋರುತ್ತದೆ.

ಖರಗ್‌ಪುರದ ಐಐಟಿಯಲ್ಲಿ ಓದಿ, ಅಮೆರಿಕೆಯಲ್ಲಿ ಉನ್ನತ ವ್ಯಾಸಂಗದಲ್ಲಿದ್ದಾಗ, ಡೊಮಿನಿಕನ್ ಗಣರಾಜ್ಯದ ಬಡವರು ತಮ್ಮ ಹಣವನ್ನೇ ಕೊಟ್ಟು ಸೌರದೀಪ ಉರಿಸುವುದನ್ನು ಕಂಡ ಅವರು, ಈ ವಿದ್ಯೆ ಬಡವರಿಗೆ ನಿಲುಕದೆಂಬ ಲೋಕಾಭಿಪ್ರಾಯವನ್ನು ತ್ಯಜಿಸಿ, 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಡನೆ ಸೆಲ್ಕೋ ಇಂಡಿಯಾ ಎಂಬ ಸೌರವಿದ್ಯುತ್ ಸಂಸ್ಥೆಯನ್ನು ಸ್ಥಾಪಿಸಿದರು.

ಸೌರಫಲಕವನ್ನು ಕಂಡುಹಿಡಿದವರು ಅವರಲ್ಲ. ಅವರ ಪ್ರತಿಭೆ ಬೆಳಗಿದ್ದು ಹಣದ ಲೆಕ್ಕದಲ್ಲಿ. ತಿಂಗಳಿಗೆ 300 ರೂಪಾಯಿ ದುಬಾರಿಯೆನ್ನುವ ಬೀದಿಬದಿಯ ವ್ಯಾಪಾರಿಗೆ ದಿನಕ್ಕೆ 10 ರೂಪಾಯಿ ಹೊರೆಯಲ್ಲವೆಂಬ ಸೂಕ್ಷ್ಮವನ್ನು ಅವರು ಆ ಜನರಿಂದಲೇ ಕಲಿತು, ನಿತ್ಯ ದುಡಿಯುವವರಿಗೆ ನಿತ್ಯದ ಕಂತೂ ಫಸಲನ್ನು ನಂಬಿದವರಿಗೆ ಫಸಲಿನ ಕಂತೂ ಸಲ್ಲುವಂತೆ ಬ್ಯಾಂಕುಗಳ ಮನವೊಲಿಸಿದರು. ದೀಪ ಕೆಟ್ಟರೆ ಮನೆಬಾಗಿಲಿಗೆ ಬಂದು ಸರಿಪಡಿಸುವ ವ್ಯವಸ್ಥೆಯನ್ನೂ ಕಟ್ಟಿದರು. ನನ್ನ ದೃಷ್ಟಿಯಲ್ಲಿ ಈ ಎರಡನೆಯದೇ ಹೆಚ್ಚು ಕಠಿಣವಾದ, ಹೆಚ್ಚು ಗೌರವಾರ್ಹವಾದ ಸಾಧನೆ. ಮಾರಿದ ಮೇಲೆ ಮರೆಯದಿರುವವನನ್ನಲ್ಲವೇ ಹಳ್ಳಿ ನಂಬುವುದು?

2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಉದ್ಯಮವನ್ನಾರಂಭಿಸಲು ಹಂಬಲಿಸುವ ಶಿಕಾರಿಪುರ, ಸೊರಬದ ತರುಣ ತರುಣಿಯರೇ, ಯಂತ್ರವನ್ನು ರೂಪಿಸುವ ಮೊದಲು, ಅದನ್ನು ಕೊಳ್ಳಬೇಕಾದವರ ಕೈಗೆ ಹಣ ಯಾವ ತಿಂಗಳಲ್ಲಿ, ಎಷ್ಟು ಬರುತ್ತದೆಂಬುದನ್ನು ಅವರ ಮನೆಗೇ ಹೋಗಿ ಕೇಳಿರಿ.