ಒಂದೇ ಹೆಸರು, ಬೇರೆ ಬೇರೆ ಲೆಕ್ಕ

ಕೆಲಸ ಮುಗಿಸಿ ಸಂಜೆಯ ವೇಳೆ ಪೈಥಾನ್ ಕಲಿಯುತ್ತಿರುವ ಬಾಂಧವರು ನಮ್ಮಲ್ಲಿ ಕೆಲವರಿದ್ದಾರೆ. ಮೊದಲು ಜಾವಾ ಕಲಿತು ಇತ್ತ ಬಂದವರಿಗೆ ಒಂದು ಸಂಗತಿ ತೊಡಕಾಗುವುದುಂಟು. ಅದನ್ನು ನಮಗೆಲ್ಲ ಪರಿಚಯವಿರುವ ಬಟವಾಡೆಯ ಲೆಕ್ಕದಿಂದಲೇ ವಿವರಿಸುತ್ತೇನೆ.

ಜಾವಾದಲ್ಲಿ 'ಬಟವಾಡೆ' ಎಂಬ ಒಂದೇ ಹೆಸರಿನಲ್ಲಿ ಎರಡು ಮೆಥಡ್ ಬರೆಯಬಹುದು. ದಿನ, ದರ ಎರಡನ್ನೇ ಕೊಟ್ಟರೆ ಒಂದು ಕೆಲಸ ಮಾಡುತ್ತದೆ. ಜತೆಗೆ ಮುಂಗಡವನ್ನೂ ಕೊಟ್ಟರೆ ಇನ್ನೊಂದು. ಇದಕ್ಕೆ ಮೆಥಡ್ ಓವರ್‌ಲೋಡಿಂಗ್ ಎಂದು ಹೆಸರು. ನೆದರ್‌ಲೆಂಡ್ಸಿನ ಗೀಡೊ ವಾನ್ ರಾಸಮ್ ಅವರು 1991ರಲ್ಲಿ ಹೊರತಂದ ಪೈಥಾನಿನಲ್ಲಿ ಈ ಏರ್ಪಾಡಿಲ್ಲ. ಅಲ್ಲಿ ಹೆಸರೆಂದರೆ ಕಡತಕ್ಕೆ ಅಂಟಿಸಿದ ಚೀಟಿ. ಅದೇ ಹೆಸರಿನಲ್ಲಿ ಎರಡನೆಯದನ್ನು ಬರೆದೊಡನೆ ಚೀಟಿ ಹೊಸ ಕಡತಕ್ಕೆ ಹೋಗುತ್ತದೆ. ಹಳೆಯದು ಆ ಹೆಸರಿನಿಂದ ಮತ್ತೆ ಸಿಕ್ಕದು. ಬರೆಯುವಾಗ ಪೈಥಾನ್ ಎಚ್ಚರಿಸುವುದೂ ಇಲ್ಲ. ಮುಂಗಡ ಬಿಟ್ಟು ಎರಡೇ ಅಂಕಿ ಕೊಟ್ಟು ಕರೆದಾಗ ಮಾತ್ರ ತಪ್ಪೆಂದು ನಿಂತುಬಿಡುತ್ತದೆ.

ಇದಕ್ಕೆ ಪರಿಹಾರ ಡಿಫಾಲ್ಟ್ ಆರ್ಗ್ಯುಮೆಂಟ್, ಎಂದರೆ ಮೊದಲೇ ಗೊತ್ತುಮಾಡಿಟ್ಟ ಬೆಲೆ. ಒಂದೇ ಫಂಕ್ಷನ್ ಬರೆದು ಮುಂಗಡದ ಎದುರಿಗೆ ಸೊನ್ನೆ ಎಂದು ಗುರುತಿಸಿದರಾಯಿತು. ಮುಂಗಡ ಹೇಳದಿದ್ದರೆ ಸೊನ್ನೆ, ಹೇಳಿದರೆ ಹೇಳಿದಷ್ಟು. ದಿನ, ದರಗಳಂತೆ ಕೊಡಲೇಬೇಕಾದವು ಮೊದಲು, ಬೆಲೆ ಗೊತ್ತುಮಾಡಿದವು ಅನಂತರ ಬರತಕ್ಕದ್ದು.

ಎಚ್ಚರ ವಹಿಸಬೇಕಾದ ಮಾತೊಂದುಂಟು. ಈ ಬೆಲೆಯನ್ನು ಪೈಥಾನ್ ಸಿದ್ಧಪಡಿಸುವುದು ಫಂಕ್ಷನ್ ಹುಟ್ಟುವಾಗ, ಒಂದೇ ಸಲ. ಪ್ರತಿ ಕರೆಗೂ ಅಲ್ಲ. ಸೊನ್ನೆಯಾದರೆ ಬಾಧಕವಿಲ್ಲ. ಆದರೆ 'ಕಡಿತ' ಎಂಬುದಕ್ಕೆ ಖಾಲಿ ಪಟ್ಟಿಯನ್ನು ಇಟ್ಟು, ಫಂಕ್ಷನ್ನಿನೊಳಗೆ ಆ ಪಟ್ಟಿಗೆ 50 ರೂಪಾಯಿ ವಂತಿಗೆ ಸೇರಿಸಿದಿರೆನ್ನಿ. 26 ದಿನಕ್ಕೆ, ದಿನಕ್ಕೆ 600 ರೂಪಾಯಿಯಂತೆ, ಮೊದಲ ಕೆಲಸಗಾರನಿಗೆ 15,550 ಬರುತ್ತದೆ; ಸರಿ. ಅಷ್ಟೇ ದುಡಿದ ಎರಡನೆಯವನಿಗೆ 15,500, ಮೂರನೆಯವನಿಗೆ 15,450! ಪಟ್ಟಿ ಒಂದೇ ಆದುದರಿಂದ ಹಿಂದಿನವರ ಕಡಿತವೆಲ್ಲ ಅದರಲ್ಲೇ ಉಳಿದಿರುತ್ತದೆ. ನೂರನೆಯವನ ಸಂಬಳದಿಂದ 5,000 ಹೋಗುತ್ತದೆ. ಯಂತ್ರ ತಪ್ಪೆಂದು ಕೂಗುವುದಿಲ್ಲ. ಒಬ್ಬನದನ್ನೇ ಪರೀಕ್ಷಿಸಿದರೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ.

ಆದುದರಿಂದ ಖಾಲಿ ಪಟ್ಟಿಯ ಬದಲು 'ನನ್', ಎಂದರೆ ಏನೂ ಇಲ್ಲ, ಎಂದಿಡಿ. ಫಂಕ್ಷನ್ನಿನ ಮೊದಲಲ್ಲೇ, ಕಡಿತ 'ನನ್' ಆಗಿದ್ದರೆ ಹೊಸ ಪಟ್ಟಿ ಮಾಡಬೇಕೆಂದು ಬರೆಯಿರಿ. ಆಗ ಒಬ್ಬೊಬ್ಬನಿಗೂ ಬೇರೆ ಹಾಳೆ ಸಿಕ್ಕುತ್ತದೆ. ಬರೆದುದನ್ನು ಮೂವರ ಲೆಕ್ಕವನ್ನಾದರೂ ಒಂದಾದ ಮೇಲೊಂದು ಹಾಕಿ ನೋಡಿಯೇ ಉಪಯೋಗಿಸಿ. ಕಡಮೆಯಾದ ಐವತ್ತು ರೂಪಾಯಿಗೆ ಕಿಟಕಿಯ ಮುಂದೆ ಉತ್ತರ ಹೇಳಬೇಕಾದವನು ಗುಮಾಸ್ತನೇ ಹೊರತು ಯಂತ್ರವಲ್ಲ.