ಎಲ್ಲರಿಗೂ ಕಾಣುವ ಲೆಡ್ಜರ್, ಯಾರಿಗೂ ಕಾಣದ ಹೆಸರು

ಬಿಟ್‌ಕಾಯಿನ್ ಮಾತು ಬಂದಾಗಲೆಲ್ಲ ನಮ್ಮ ಕಡೆ ಹುಡುಗರ ಬಾಯಲ್ಲಿ ಬರುವ ಮಾತು ಒಂದೇ: "ಅದರಲ್ಲಿ ದುಡ್ಡು ಇಟ್ರೆ ಯಾರಿಗೂ ಗೊತ್ತಾಗಲ್ಲ." ಕುರೆಕುಪ್ಪದಿಂದ ತೋರಣಗಲ್ಲಿನ ಕಡೆಗೆ ಶಿಫ್ಟ್‌ಗೆ ಹೋಗುವವರೂ ಇದನ್ನೇ ಹೇಳುತ್ತಾರೆ, ನಮ್ಮ ಮನೆಗೆ ಬರುವ ನೆಂಟರೂ ಉರ್ದುವಿನಲ್ಲಿ ಇದನ್ನೇ ಹೇಳುತ್ತಾರೆ. ನಾನು ಓದಿ ತಿಳಿದುಕೊಂಡ ಮಟ್ಟಿಗೆ ಸಂಗತಿ ಹೆಚ್ಚುಕಡಿಮೆ ತಿರುಗುಮುರುಗಾಗಿದೆ.

ಅಕೌಂಟೆನ್ಸಿ ಓದುವವರಿಗೆ ಇದು ಅರ್ಥವಾಗುವುದು ಸುಲಭ. ಬ್ಯಾಂಕಿನ ಲೆಡ್ಜರ್ ಬ್ಯಾಂಕಿನ ಕೈಯಲ್ಲಿರುತ್ತದೆ. ನನ್ನ ಪುಟ ನನಗೆ ಕಾಣುತ್ತದೆ, ನಿಮ್ಮ ಪುಟ ನಿಮಗೆ. ಬಿಟ್‌ಕಾಯಿನ್‌ನಲ್ಲಿ ಬ್ಯಾಂಕೇ ಇಲ್ಲ. ಹಾಗಾದರೆ ಒಬ್ಬರು ಒಂದೇ ಹಣವನ್ನು ಎರಡು ಸಲ ಖರ್ಚು ಮಾಡಲು ಹೋದರೆ ಹಿಡಿಯುವವರು ಯಾರು? ಎಲ್ಲರೂ ಸೇರಿ ಹಿಡಿಯಬೇಕು. ಎಲ್ಲರೂ ಹಿಡಿಯಬೇಕೆಂದರೆ ಲೆಡ್ಜರ್ ಎಲ್ಲರಿಗೂ ಕಾಣಬೇಕು. ಅದಕ್ಕೇ ಅದರ ನಕಲು ಲೋಕದ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಇವತ್ತಿನವರೆಗಿನ ಎಲ್ಲ ಎಂಟ್ರಿಗಳೂ ಅಲ್ಲಿವೆ. ನಮ್ಮ ಕ್ಲಾಸಿನಂತೆ ವೈಟ್ನರ್ ಹಚ್ಚಿ ತಿದ್ದಲು ಬರುವುದಿಲ್ಲ.

ಅದರಲ್ಲಿ ಇಲ್ಲದ್ದು ಒಂದೇ, ಹೆಸರು. ಹೆಸರಿನ ಜಾಗದಲ್ಲಿ ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಾಲು ಇರುತ್ತದೆ. ಅದಕ್ಕೆ ವಿಳಾಸ ಎನ್ನುತ್ತಾರೆ. ಆ ವಿಳಾಸದ ಹಣ ಖರ್ಚು ಮಾಡಲು ಬೇಕಾದ ಗುಪ್ತ ಕೀಲಿ ಯಾರ ಹತ್ತಿರ ಇದೆಯೋ ಅವರೇ ಮಾಲೀಕರು. ಅಂದರೆ ಪರದೆ ಇರುವುದು ಹೆಸರಿಗೆ ಮಾತ್ರ, ಹಣಕ್ಕೆ ಪರದೆ ಇಲ್ಲ.

ಇದರಿಂದ ಏನಾಗುತ್ತದೆ ನೋಡಿ. ಕಿರಾಣಿ ಅಂಗಡಿಯಲ್ಲಿ ಫೋನ್‌ಪೇ ಮಾಡಿ 40 ರೂಪಾಯಿ ಕೊಟ್ಟರೆ ಅಂಗಡಿಯವರಿಗೆ ನನ್ನ ಹೆಸರು ಮತ್ತು 40 ರೂಪಾಯಿ ಕಾಣುತ್ತದೆ, ಅಷ್ಟೇ. ಬಿಟ್‌ಕಾಯಿನ್‌ನಲ್ಲಿ ಕೊಟ್ಟರೆ, ಹಣ ಹೊರಟ ವಿಳಾಸವನ್ನು ಅವರು ಮೊಬೈಲಿನಲ್ಲೇ ಹುಡುಕಿ, ಅಲ್ಲಿ ಎಷ್ಟಿತ್ತು, ಎಲ್ಲಿಂದ ಬಂದಿತ್ತು ಎಂದು ನೋಡಬಹುದು. ಪ್ರತಿ ಸಲ ಹೊಸ ವಿಳಾಸ ಬಳಸಿ ಎಂದು ತಿಳಿದವರು ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ಅದು ಸರಿ. ಆದರೆ ಮೂರು ವಿಳಾಸಗಳಲ್ಲಿರುವ ಚಿಲ್ಲರೆಯನ್ನು ಕೂಡಿಸಿ ಒಂದು ದೊಡ್ಡ ಪಾವತಿ ಮಾಡಿದರೆ, ಮೂರೂ ಒಬ್ಬರದೇ ಜೇಬು ಎಂದು ನೋಡುವವರು ಊಹಿಸುತ್ತಾರೆ. ಚೈನಾಲಿಸಿಸ್‌ನಂಥ ಕಂಪನಿಗಳು ಇಂಥ ಊಹೆಗಳನ್ನು ಜೋಡಿಸಿಯೇ ವ್ಯಾಪಾರ ಮಾಡುತ್ತವೆ.

ಈಗ ಒಂದು ಕಲ್ಪನೆ ಮಾಡೋಣ. ಗುತ್ತಿಗೆ ಕಾರ್ಮಿಕರಿಗೆ ಇಂಥ ಚೈನ್‌ನಲ್ಲೇ ಸಂಬಳ ಕೊಡಲು ಶುರು ಮಾಡಿದರೆ? ಸಂಬಳ ಹಾಕುವ ಗುತ್ತಿಗೆದಾರನಿಗೆ ಯಾವ ವಿಳಾಸ ಯಾರದು ಎಂದು ಗೊತ್ತೇ ಇರುತ್ತದೆ. ಅಲ್ಲಿಂದ ಮುಂದೆ ಯಾರು ಆಸ್ಪತ್ರೆಗೆ ಕಟ್ಟಿದರು, ಯಾರು ಸಾಲ ತೀರಿಸುತ್ತಿದ್ದಾರೆ, ಯಾರು ಕಾರ್ಮಿಕ ಸಂಘಕ್ಕೆ ಚಂದಾ ಕೊಟ್ಟರು ಎಂದು ಅವನು ಕುಳಿತಲ್ಲೇ ನೋಡಬಹುದು. ಕಾರ್ಮಿಕನಿಗೆ ಮಾತ್ರ ಗುತ್ತಿಗೆದಾರನ ಉಳಿದ ವಿಳಾಸಗಳು ಯಾವುವು ಎಂದು ತಿಳಿಯುವುದಿಲ್ಲ. ಲೆಡ್ಜರ್ ಇಬ್ಬರಿಗೂ ಸಮನಾಗಿ ತೆರೆದಿದ್ದರೂ ಕಾಣುವುದು ಸಮನಾಗಿರುವುದಿಲ್ಲ. ನನ್ನ ಚಿಂತೆ ಇರುವುದು ಇಲ್ಲೇ.

ಕಾಣುವುದು ಬೇರೆ, ಯಾರದೆಂದು ತಿಳಿಯುವುದು ಬೇರೆ ಎಂಬುದಕ್ಕೆ ನಮ್ಮ ರಾಜ್ಯದ ಬಿಟ್‌ಕಾಯಿನ್ ಹಗರಣಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2020ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಒಬ್ಬ ಯುವ ಹ್ಯಾಕರ್‌ನನ್ನು ಬಂಧಿಸಿದರು. ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ 2019ರಲ್ಲಿ ಸುಮಾರು 11.5 ಕೋಟಿ ರೂಪಾಯಿ ಎಗರಿಸಿದ ಆರೋಪವೂ ಅವನ ಮೇಲಿತ್ತು. 2021ರ ಜನವರಿಯಲ್ಲಿ ಪೊಲೀಸರು ಸುಮಾರು 9 ಕೋಟಿ ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಎಂದು ಪ್ರಕಟಿಸಿದರು. ಆಮೇಲೆ, ಆರೋಪಿ ತನ್ನದೆಂದು ತೋರಿಸಿದ ಆ ವಾಲೆಟ್ ಅವನದೇ ಅಲ್ಲ ಎಂದು ಅವರೇ ಹೇಳಬೇಕಾಯಿತು. ಪರದೆಯ ಮೇಲೆ ಹಣ ಕಂಡಿತ್ತು, ಕೀಲಿ ಕೈಯಲ್ಲಿರಲಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ರಾಜಕೀಯ ಬಿಸಿ ಏರಿತು. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 1 ಲಕ್ಷ 20 ಸಾವಿರ ಬಿಟ್‌ಕಾಯಿನ್ ಕಳುವಾಗಿದ್ದವು. ಬೆಂಗಳೂರಿನ ಆರೋಪಿ ಬಂಧನದಲ್ಲಿದ್ದಾಗಲೇ ಆ ಕಳವಿನ ನಾಣ್ಯಗಳು ಜಾಗ ಬದಲಿಸಿವೆ, ಇದರ ಹಿಂದೆ ಯಾರಿದ್ದಾರೆ ಎಂದು ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ ಕೇಳಿತು. ಆಧಾರ ಯಾವುದು? ದೊಡ್ಡ ವರ್ಗಾವಣೆಗಳನ್ನು ನೋಡಿ ಸುದ್ದಿ ಹಾಕುವ ವೇಲ್ ಅಲರ್ಟ್ ಎಂಬ ಸೇವೆ. ನಾಣ್ಯ ಕದಲಿದ್ದು ಲೋಕಕ್ಕೆಲ್ಲ ಕಂಡಿತ್ತು, ಕದಲಿಸಿದ ಕೈ ಕಂಡಿರಲಿಲ್ಲ. ಅದು ಕಂಡಿದ್ದು 2022ರ ಫೆಬ್ರುವರಿಯಲ್ಲಿ. ಅಮೆರಿಕದ ಸರ್ಕಾರ ನ್ಯೂಯಾರ್ಕ್‌ನಲ್ಲಿ ಒಂದು ದಂಪತಿಯನ್ನು ಬಂಧಿಸಿ, ಸುಮಾರು 94,000 ಬಿಟ್‌ಕಾಯಿನ್‌ಗಳನ್ನು ವಶಪಡಿಸಿಕೊಂಡಿತು. ಗಂಡ ಮುಂದೆ 2023ರಲ್ಲಿ ಕಳವನ್ನು ತಾನೇ ಮಾಡಿದ್ದಾಗಿ ಒಪ್ಪಿಕೊಂಡ. ಇಷ್ಟು ದೊಡ್ಡ ಕಳವಿನ ಜಾಡಿನಲ್ಲಿ ಸಿಕ್ಕ ಸುಳಿವುಗಳಲ್ಲಿ ಒಂದು ವಾಲ್‌ಮಾರ್ಟ್ ಗಿಫ್ಟ್ ಕಾರ್ಡ್! ಒಂದು ಸಣ್ಣ ಖರೀದಿಗೆ ಹೆಸರು ಅಂಟಿಕೊಂಡರೆ ಸಾಕು, ಆ ವಿಳಾಸದಿಂದ ಹಿಂದಕ್ಕೆ ಹೋಗುವ ದಾರಿ ತೆರೆಯುತ್ತದೆ. ಲೆಡ್ಜರ್ ಅಳಿಸಲು ಬರದ್ದು ಎಂದೆನಲ್ಲ, ಆರು ವರ್ಷವಾದರೂ ಅದು ಕಾಯುತ್ತಲೇ ಇತ್ತು.

ಕಳ್ಳನ ವಿಷಯದಲ್ಲಿ ಇದು ಒಳ್ಳೆಯದೇ. ಆದರೆ ಕಳ್ಳರಲ್ಲದ ನಮ್ಮ ಹೆಸರು ಮೊದಲ ದಿನವೇ ಅಂಟಿಕೊಂಡಿರುತ್ತದೆ. ನಮ್ಮ ದೇಶದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ, ಜುಲೈ 1ರಿಂದ ವರ್ಗಾವಣೆಗೆ 1% ಟಿಡಿಎಸ್ ಇದೆ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಅಡಿಗೆ ಬಂದಿವೆ. ಹಾಗಾಗಿ ಖಾತೆ ತೆರೆಯಲು ಪ್ಯಾನ್ ಮತ್ತು ಗುರುತಿನ ದಾಖಲೆ ಕೊಡಬೇಕು. ಪೂರ್ತಿ ಕಾಣಿಸಿಕೊಳ್ಳುವವನು ಫೋನಿನಲ್ಲಿ 500 ರೂಪಾಯಿಗೆ ಕೊಂಡ ಹುಡುಗನೇ.

ಲೆಕ್ಕ ತೆರೆದಿಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸಂಡೂರು ತಾಲ್ಲೂಕಿನವರು ಹಾಗೆ ಹೇಳಲಾರರು. ಪರ್ಮಿಟ್ ಎಷ್ಟಕ್ಕಿತ್ತು, ಅದಿರು ಎಷ್ಟು ಹೋಯಿತು, ಹಣ ಯಾರ ಖಾತೆ ಸೇರಿತು ಎಂಬುದನ್ನು ತಾಳೆ ನೋಡಿದ ಮೇಲೆಯೇ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ಗಣಿ ವರದಿ ಬಂದದ್ದು. ಅಂಥ ಲೆಕ್ಕ ಮೊದಲೇ ಎಲ್ಲರಿಗೂ ಕಾಣುವಂತಿದ್ದರೆ ನಮ್ಮ ಗುಡ್ಡಗಳ ಕಥೆ ಬೇರೆ ಇರುತ್ತಿತ್ತೇನೋ. ಸಾರ್ವಜನಿಕರ ಸಂಪತ್ತು ಹಿಡಿದವರ ಪುಟ ತೆರೆದಿರಬೇಕು. ಅಮ್ಮಿ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡಿನ ಪುಟ ಯಾಕೆ ತೆರೆದಿರಬೇಕು? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನಮ್ಮ ದೀನ್‌ನಲ್ಲೂ ಎರಡೂ ಇವೆ. ಸಾಲ ಕೊಟ್ಟರೆ ಬರೆದಿಡಿ, ಸಾಕ್ಷಿಗಳನ್ನು ಇಡಿ ಎಂದು ಕುರ್‌ಆನ್ ಹೇಳುವ ಆಯತ್, ಇಡೀ ಗ್ರಂಥದಲ್ಲೇ ಅತಿ ಉದ್ದದ್ದು. ಬಡವರಿಗೆ ಕೊಡುವ ಸದಕಾ ಗುಟ್ಟಾಗಿದ್ದರೆ ಇನ್ನೂ ಉತ್ತಮ ಎಂಬ ಮಾತೂ ಅದೇ ಅಧ್ಯಾಯದಲ್ಲಿದೆ. ಎಲ್ಲ ಎಂಟ್ರಿಗೂ ಒಂದೇ ನಿಯಮ ಹಾಕುವ ಲೆಡ್ಜರ್‌ಗೆ ಈ ವ್ಯತ್ಯಾಸ ಗೊತ್ತಿಲ್ಲ.

ಮುಚ್ಚುವ ಉಪಾಯಗಳೂ ಬಂದಿವೆ. ಟೊರ್ನಾಡೊ ಕ್ಯಾಶ್ ಎಂಬುದು ಹಲವರ ಹಣವನ್ನು ಒಂದೇ ಕಡೆ ಸೇರಿಸಿ, ಯಾರದ್ದು ಎಲ್ಲಿಗೆ ಹೋಯಿತು ಎಂಬ ಕೊಂಡಿ ಕಡಿಯುತ್ತದೆ. ಇಥೀರಿಯಂ ಹುಟ್ಟುಹಾಕಿದ ವಿಟಾಲಿಕ್ ಬುಟೆರಿನ್ ಉಕ್ರೇನ್‌ಗೆ ನೆರವು ಕಳಿಸಲು ಇದನ್ನು ಬಳಸಿದ್ದಾಗಿ ಹೇಳಿದ್ದಾರೆ. ಉತ್ತರ ಕೊರಿಯಾದ ಹ್ಯಾಕರ್‌ಗಳು 45 ಕೋಟಿ ಡಾಲರ್‌ಗಿಂತ ಹೆಚ್ಚಿನ ಕಳವಿನ ಹಣ ತೊಳೆಯಲು ಬಳಸಿದ್ದೂ ಇದನ್ನೇ ಎಂದು ಅಮೆರಿಕ 2022ರ ಆಗಸ್ಟ್‌ನಲ್ಲಿ ನಿರ್ಬಂಧ ಹಾಕಿತು, 2025ರ ಮಾರ್ಚ್‌ನಲ್ಲಿ ತೆಗೆಯಿತು.

ನನಗೆ ಹೆಚ್ಚು ಹಿಡಿಸಿದ್ದು 2016ರಲ್ಲಿ ಶುರುವಾದ ಜೀಕ್ಯಾಶ್‌ನ ದಾರಿ. ಹುಟ್ಟಿದ ದಿನಾಂಕ ತೋರಿಸದೆ 18 ತುಂಬಿದೆ ಎಂದಷ್ಟೇ ಸಾಬೀತು ಮಾಡಿದ ಹಾಗೆ, ಅಲ್ಲಿ ಮೊತ್ತ ಮತ್ತು ವಿಳಾಸ ಮುಚ್ಚಿಟ್ಟೇ ಲೆಕ್ಕ ಸರಿ ಇದೆ ಎಂದು ಗಣಿತದಿಂದ ತೋರಿಸಬಹುದು. ಜೊತೆಗೆ ನೋಡಲು ಮಾತ್ರ ಬರುವ ಒಂದು ಕೀಲಿ ಇದೆ, ಅದನ್ನು ಆಡಿಟರ್‌ಗೆ ಕೊಡಬಹುದು. ವಿದ್ಯಾರ್ಥಿವೇತನದ ನಿಧಿಯನ್ನೇ ತೆಗೆದುಕೊಳ್ಳಿ. ಎಷ್ಟು ಬಂತು, ಎಷ್ಟು ಹಂಚಿದರು ಎಂದು ಕೊಟ್ಟವರಿಗೆ ತಿಳಿಯಬೇಕು, ಆಡಿಟ್ ಆಗಬೇಕು. ಫೀಸ್ ಕಟ್ಟಲಾಗದೆ ಅದನ್ನು ಪಡೆದ ಹುಡುಗಿಯ ಹೆಸರು ನೋಟಿಸ್ ಬೋರ್ಡಿಗೆ ಬರಬಾರದು.